ಟೆಸ್ಟರಿನೊಳಗಿನ ಕೆಂಪು ಮಿಣುಕು

ಕಳೆದ ಆಟಿ ತಿಂಗಳ ಒಂದು ಸಂಜೆ ಕಾರ್ಕಳದ ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ಆಟಿಯಲ್ಲಿ ಕರೆಂಟು ಹೋಗುವುದು ನಮ್ಮೂರಿನಲ್ಲಿ ಸುದ್ದಿಯೇ ಅಲ್ಲ. ಮೇಣದ ಬತ್ತಿಗಾಗಿ ಮೇಜಿನ ಡ್ರಾಯರನ್ನು ತಡಕಾಡುತ್ತಿದ್ದಾಗ ಕೈಗೆ ಸಿಕ್ಕಿದ್ದು ಬತ್ತಿಯಲ್ಲ, ಐವತ್ತು ವರ್ಷ ದಾಟಿದ ಒಂದು ಟೆಸ್ಟರು. 1972ರಲ್ಲಿ ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ ಉಡುಪಿಗೆ ಹೋಗಿದ್ದಾಗ, ರಥಬೀದಿಯಲ್ಲಿ ದೇವರ ದರ್ಶನ ಮುಗಿಸಿ ಬರುವ ದಾರಿಯಲ್ಲಿ ಕೊಂಡದ್ದು. ಆಗ ನೀರಿನಂತೆ ತಿಳಿಯಾಗಿದ್ದ ಅದರ ಹಿಡಿ ಈಗ ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿದೆ. 1984ರ ಮೇ ತಿಂಗಳ ಬಳಿಕ ನಾನು ಅದನ್ನು ಬಳಸಿದವನಲ್ಲ, ಎಸೆದವನೂ ಅಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಆ ಹಿಡಿಯೊಳಗೆ ಕುಳಿತಿರುವ ಪುಟ್ಟ ದೀಪದ ಪೂರ್ವವೃತ್ತಾಂತವನ್ನು ಹೇಳಬೇಕು. ಅದು ಲಂಡನ್ನಿನಲ್ಲಿ ಹುಟ್ಟಿದ್ದಾದರೂ ನಮ್ಮ ಕನ್ನಡನಾಡಿಗೆ ನಂಟಿರುವ ವೃತ್ತಾಂತ.

ಟೆಸ್ಟರಿನ ಹಿಂಬದಿಯ ಲೋಹದ ಟೊಪ್ಪಿಯನ್ನು ತಿರುಗಿಸಿ ತೆಗೆದರೆ ಮೊದಲು ಒಂದು ಸ್ಪ್ರಿಂಗು ಹೊರಬರುತ್ತದೆ. ಅದರ ಹಿಂದೆ ಗೋಧಿಯ ಕಾಳಿಗಿಂತ ತುಸು ದೊಡ್ಡದಾದ ಗಾಜಿನ ದೀಪ, ಮತ್ತೆ ಕಡ್ಡಿಯ ತುಂಡಿನಂತಹ ಒಂದು ರೋಧಕ. ಅಷ್ಟೇ ಸಂಸಾರ. ತರಗತಿಯಲ್ಲಿ ಇದನ್ನು ಬಿಚ್ಚಿ ತೋರಿಸಿದಾಗಲೆಲ್ಲ ಯಾರಾದರೊಬ್ಬ ಹುಡುಗ ದೀಪವನ್ನು ಬೆಳಕಿಗೆ ಹಿಡಿದು, "ಸರ್, ಇದರ ಫಿಲಮೆಂಟು ತುಂಡಾಗಿದೆ" ಎನ್ನುವುದಿತ್ತು. ಗಾಜಿನೊಳಗೆ ಎರಡು ಲೋಹದ ಕಡ್ಡಿಗಳು ಒಂದನ್ನೊಂದು ಮುಟ್ಟದೆ ನಿಂತಿರುತ್ತವೆ, ನಡುವೆ ತಂತಿಯಿಲ್ಲ. ತುಂಡಾಗಲು ಅಲ್ಲಿ ಏನೂ ಇಲ್ಲ. ಆ ಎರಡು ಕಡ್ಡಿಗಳ ನಡುವೆ ಇರುವುದು ಕಣ್ಣಿಗೆ ಕಾಣದ ಒಂದು ಅನಿಲ ಮಾತ್ರ: ನಿಯಾನ್.

ಈ ನಿಯಾನ್ ನಾವು ನಿತ್ಯ ಉಸಿರಾಡುವ ಗಾಳಿಯಲ್ಲಿಯೇ ಇದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 18 ಪಾಲು. ಯಾವುದರೊಂದಿಗೂ ಸಂಯೋಗ ಹೊಂದದ, ಬಣ್ಣವಾಗಲೀ ವಾಸನೆಯಾಗಲೀ ಇಲ್ಲದ ಈ ಸನ್ಯಾಸಿಯನ್ನು 1898ರ ಜೂನ್ ತಿಂಗಳಲ್ಲಿ ಪತ್ತೆ ಹಚ್ಚಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕ ವಿಲಿಯಂ ರಾಮ್ಸೆ ಮತ್ತು ಅವರ ತರುಣ ಸಹಾಯಕ ಮಾರಿಸ್ ಟ್ರಾವರ್ಸ್. ಗಾಳಿಯನ್ನು ದ್ರವವಾಗುವಷ್ಟು ತಣಿಸಿ, ಅದನ್ನು ಮೆಲ್ಲಮೆಲ್ಲನೆ ಆವಿಯಾಗಗೊಟ್ಟು, ಬೇರೆ ಬೇರೆ ಉಷ್ಣತೆಯಲ್ಲಿ ಹೊರಬರುವ ಅನಿಲಗಳನ್ನು ಪ್ರತ್ಯೇಕವಾಗಿ ಹಿಡಿಯುವುದು ಅವರ ವಿಧಾನ; ನಮ್ಮ ಹಳ್ಳಿಯ ಭಟ್ಟಿ ಇಳಿಸುವ ವಿದ್ಯೆಯ ಅತಿ ಶೀತಲ ರೂಪವೆನ್ನಬಹುದು. ಹಾಗೆ ಸಿಕ್ಕಿದ ಹಗುರವಾದ ಅನಿಲವನ್ನು ಗಾಜಿನ ಕೊಳವೆಯಲ್ಲಿ ತುಂಬಿ ವಿದ್ಯುತ್ತನ್ನು ಹಾಯಿಸಿದಾಗ ಕೊಳವೆ ಕಡುಗೆಂಪಾಗಿ ಬೆಳಗಿತು. ರೋಹಿತದರ್ಶಕದಿಂದ ಪರೀಕ್ಷಿಸುವ ಮೊದಲೇ, ಇದು ಹೊಸ ಧಾತು ಎಂಬುದನ್ನು ಆ ಬಣ್ಣವೇ ಸಾರುವಂತಿತ್ತು. ಹೆಸರಿನ ಪ್ರಶ್ನೆ ಬಂದಾಗ ರಾಮ್ಸೆಯವರ 13 ವರ್ಷದ ಮಗ ಲ್ಯಾಟಿನ್ನಿನಲ್ಲಿ 'ಹೊಸತು' ಎಂಬರ್ಥದ 'ನೋವಮ್' ಎಂದು ಸೂಚಿಸಿದನಂತೆ. ತಂದೆ ಅರ್ಥವನ್ನು ಉಳಿಸಿಕೊಂಡು ಭಾಷೆಯನ್ನು ಗ್ರೀಕಿಗೆ ಬದಲಾಯಿಸಿದರು, ನಿಯಾನ್ ಆಯಿತು. ಎಂಟನೆಯ ತರಗತಿಯ ಮಕ್ಕಳಿಗೆ ಈ ಪ್ರಸಂಗವನ್ನು ಹೇಳುವುದು ನನಗೆ ಪ್ರಿಯವಾಗಿತ್ತು. ಅವರದೇ ವಯಸ್ಸಿನವನೊಬ್ಬ ಒಂದು ಧಾತುವಿನ ನಾಮಕರಣಕ್ಕೆ ಕುಳಿತಿದ್ದನೆಂದರೆ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಿದ್ದರು.

ಇನ್ನು ನಂಟಿನ ಮಾತು. ಅದೇ 1898ರ ಡಿಸೆಂಬರ್ 31ರಂದು ಜೆಮ್‌ಶೆಡ್‌ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಯ ಯೋಜನೆಯು ವೈಸರಾಯ್ ಆಗಿ ಬಂದಿಳಿದಿದ್ದ ಕರ್ಜನ್ನರ ಕೈಸೇರಿತು. ಯೋಜನೆಯನ್ನು ಪರಿಶೀಲಿಸಿ, ಸಂಸ್ಥೆ ಎಲ್ಲಿರಬೇಕೆಂದು ಹೇಳುವುದಕ್ಕಾಗಿ 1900ರಲ್ಲಿ ಭಾರತಕ್ಕೆ ಬಂದವರು ಇದೇ ರಾಮ್ಸೆ. ಊರೂರು ಸುತ್ತಿ ಅವರು ಆರಿಸಿದ್ದು ಬೆಂಗಳೂರನ್ನು. ಮೈಸೂರು ಅರಸರು 371 ಎಕರೆ ನೆಲ ಕೊಟ್ಟರು. ಸಂಸ್ಥೆಯ ಮೊದಲ ನಿರ್ದೇಶಕರಾಗಿ 1906ರಲ್ಲಿ ನೇಮಕಗೊಂಡವರಾರು ಬಲ್ಲಿರಾ? ನಿಯಾನಿನ ಮತ್ತೊಬ್ಬ ಅನ್ವೇಷಕ, ಟ್ರಾವರ್ಸ್! ಆಗ ಅವರಿಗೆ 34 ವರ್ಷ. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಅಧಿಕೃತವಾಗಿ ಅಸ್ತಿತ್ವಕ್ಕೆ ಬಂದು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿ, 1914ರಲ್ಲಿ ಟ್ರಾವರ್ಸ್ ಹುದ್ದೆ ಬಿಟ್ಟು ತೆರಳುವವರೆಗೆ, ಗಾಳಿಯಿಂದ ಅನಿಲ ಹೆಕ್ಕಿದ ಕೈ ಬಹುಪಾಲು ಕಟ್ಟಡ, ಕಾಗದಪತ್ರ ಮತ್ತು ಮಂಡಳಿಯೊಡನೆ ಜಗ್ಗಾಟಗಳಲ್ಲಿ ಸವೆಯಿತು. ನಿಯಾನಿನ ಇಬ್ಬರು ಜನಕರಲ್ಲಿ ಒಬ್ಬರು ಜಾಗ ತೋರಿಸಿದ, ಇನ್ನೊಬ್ಬರು ಕಟ್ಟಿಸಿದ ಸಂಸ್ಥೆ ನಮ್ಮ ರಾಜ್ಯದ ರಾಜಧಾನಿಯಲ್ಲಿದೆ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ನನ್ನ ಸೇವಾವಧಿಯಲ್ಲಿ ಎಂದೂ ಹೇಳಿದ್ದನ್ನು ನಾನು ಕಾಣೆ.

ಟ್ರಾವರ್ಸ್ ಬರುವ ಹೊತ್ತಿಗೆ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹೊತ್ತಿಕೊಂಡಿದ್ದವು, 1905ರ ಆಗಸ್ಟಿನಲ್ಲಿಯೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ನಮ್ಮ ಕಡಲ ಕರೆ ಮಾತ್ರ ಆಗ ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಮೈಸೂರಿನ ಬೆಳಕು ನಮಗೆ ಪಕ್ಕದ ಮನೆಯ ಬೆಳಕು. ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದದ್ದು 1901ರಲ್ಲಿ, ನಿಯಾನ್ ಮೂರು ವರ್ಷದ ಮಗುವಾಗಿದ್ದಾಗ. ದೊಡ್ಡ ದೀಪ ಹಾಗೆ ಬೇಗ ಬಂತು. ಮನೆಯ ದೀಪ ತಡವಾಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿ, ಅರುವತ್ತರ ದಶಕದ ನಡುವಿನಲ್ಲಿ ಶರಾವತಿಯ ವಿದ್ಯುತ್ತು ಹುಟ್ಟಿದ ಮೇಲೆಯೇ ನಮ್ಮ ಹಳ್ಳಿಯ ಗದ್ದೆಗಳ ಬದಿಯಲ್ಲಿ ಕಂಬಗಳು ಕಂಡದ್ದು.

ಕಾಲ ತುಸು ಹಿಂದೆ ಹೋಗೋಣ. ಪ್ರಯೋಗಶಾಲೆಯ ನಿಯಾನ್ ಪೇಟೆಗೆ ಬಂದದ್ದು ಎರಡು ದಾರಿಯಿಂದ. 1910ರಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಜಾರ್ಜ್ ಕ್ಲೋದ್ ಎಂಬವರು ಉದ್ದನೆಯ ನಿಯಾನ್ ಕೊಳವೆಗಳನ್ನು ಬೆಳಗಿಸಿ ತೋರಿಸಿದರು. ಸಿನೆಮಾ ಮಂದಿರಗಳ, ಹೋಟೆಲುಗಳ ಬಣ್ಣದ ಫಲಕಗಳೆಲ್ಲ ಅದರ ಸಂತಾನ. ನಮ್ಮ ಟೆಸ್ಟರಿನ ಮೂಲಪುರುಷ ಬೇರೆ. ಎಡಿಸನ್ನರ ಬಳಿ ದುಡಿದಿದ್ದ ಡೇನಿಯಲ್ ಮೆಕ್‌ಫರ್ಲನ್ ಮೂರ್ ಎಂಬ ಅಮೆರಿಕದ ಎಂಜಿನಿಯರ್ 1917ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿದ್ದಾಗ ಎರಡು ಕಡ್ಡಿಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ, ಅತ್ಯಲ್ಪ ವಿದ್ಯುತ್ತಿನಲ್ಲಿ ಮಿಣುಕುವ ಪುಟಾಣಿ ನಿಯಾನ್ ದೀಪವನ್ನು ರೂಪಿಸಿದರು. ಓದಲು ಸಾಲದ, ಸುಡದ, ಬಹುಕಾಲ ಬಾಳುವ ದೀಪ. ಬೆಳಕು ಕೊಡುವುದು ಅದರ ಕೆಲಸವಲ್ಲ, ಸುದ್ದಿ ಕೊಡುವುದು. ಅದೇ ಮುಂದೆ ಸ್ವಿಚ್‌ಬೋರ್ಡಿನ ಕೆಂಪು ಚುಕ್ಕೆಯಾಗಿ, ಇಸ್ತ್ರಿಪೆಟ್ಟಿಗೆಯ ಸೂಚಕವಾಗಿ, ಸ್ಕ್ರೂಡ್ರೈವರಿನ ಹಿಡಿಯೊಳಗಿನ ಕಾವಲುಗಾರನಾಗಿ ಲೋಕವನ್ನೆಲ್ಲ ವ್ಯಾಪಿಸಿತು.

ಅದು ಉರಿಯುವ ಬಗೆ ಹೀಗೆ. ಗಾಜಿನೊಳಗಿನ ಅನಿಲದಲ್ಲಿ ಭೂಮಿಯ ಸಹಜ ವಿಕಿರಣದಿಂದಲೋ, ಮೇಲೆ ಬಿದ್ದ ಬೆಳಕಿನಿಂದಲೋ ಕೆಲವು ಎಲೆಕ್ಟ್ರಾನುಗಳು ಯಾವಾಗಲೂ ಬಿಡುಗಡೆಯಾಗಿರುತ್ತವೆ. ಎರಡು ಕಡ್ಡಿಗಳ ನಡುವಿನ ವೋಲ್ಟೇಜು ಏರಿದಂತೆ ಅವು ವೇಗವಾಗಿ ಓಡಿ ನಿಯಾನ್ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಡಿಕ್ಕಿ ಬಲವಾಗಿದ್ದರೆ ಪರಮಾಣುವಿನಿಂದ ಇನ್ನೊಂದು ಎಲೆಕ್ಟ್ರಾನ್ ಕಿತ್ತುಬರುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಪ್ರವಾಹವೇ ಹರಿಯುತ್ತದೆ. ಡಿಕ್ಕಿಯಿಂದ ಉದ್ರೇಕಗೊಂಡ ಪರಮಾಣುಗಳು ಮರಳಿ ಶಾಂತವಾಗುವಾಗ ಕಿತ್ತಳೆಗೆಂಪು ಬೆಳಕನ್ನು ಬಿಡುತ್ತವೆ. ಇದಾಗಲು ಸುಮಾರು 60ರಿಂದ 90 ವೋಲ್ಟ್ ಬೇಕು. ಅರುವತ್ತು ಟಾರ್ಚ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಸಿಗುವಷ್ಟು. ಒಂದೆರಡು ಸೆಲ್ಲಿಗೆ ಟೆಸ್ಟರು ಕಣ್ಣು ತೆರೆಯುವುದಿಲ್ಲ. ಶುದ್ಧ ನಿಯಾನಿಗೆ ಚಿಟಿಕೆಯಷ್ಟು ಆರ್ಗಾನ್ ಬೆರೆಸಿದರೆ ದೀಪ ಇನ್ನೂ ಕಡಿಮೆ ವೋಲ್ಟೇಜಿನಲ್ಲಿ ಹೊತ್ತುತ್ತದೆಂಬ ಗುಟ್ಟನ್ನು ಕಂಡುಕೊಂಡವರು ಹಾಲೆಂಡಿನ ಪೆನ್ನಿಂಗ್ ಎಂಬ ವಿಜ್ಞಾನಿ. ಆರ್ಗಾನಿನ ಎಲೆಕ್ಟ್ರಾನನ್ನು ಕೀಳುವುದು ನಿಯಾನಿನದನ್ನು ಕೀಳುವುದಕ್ಕಿಂತ ಸುಲಭ. ಉದ್ರೇಕಗೊಂಡ ನಿಯಾನೇ ಆ ಕೆಲಸ ಮಾಡಿಬಿಡುತ್ತದೆ.

ಮನೆಯ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತನಗಳ 'ಪರ್ಯಾಯ ವಿದ್ಯುತ್'. ಈ ಪದವನ್ನು ಉಚ್ಚರಿಸಿದೊಡನೆ ಉಡುಪಿ ಕಡೆಯ ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಅವರಿಗೆ ತಿಳಿದಿದ್ದ ಪರ್ಯಾಯ ಒಂದೇ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಕೃಷ್ಣನ ಪೂಜೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವುದು. ನಾನು ಆ ನಗುವನ್ನೇ ಹಿಡಿದುಕೊಂಡೆ. ದೀಪದೊಳಗೂ ಅದೇ ನಡೆಯುತ್ತದೆ ಮಕ್ಕಳೇ ಎಂದೆ. ಎರಡು ಕಡ್ಡಿಗಳಲ್ಲಿ ಋಣವಾದದ್ದು ಮಾತ್ರ ಬೆಳಗುತ್ತದೆ. ಮರುಕ್ಷಣ ಸರದಿ ಇನ್ನೊಂದರದು. ಹಾಗೆ ಸೆಕೆಂಡಿಗೆ ನೂರು ಬಾರಿ ಮಿಂಚುವುದರಿಂದ ನಮ್ಮ ಕಣ್ಣಿಗೆ ಎರಡೂ ಒಟ್ಟಿಗೆ ಉರಿದಂತೆ ತೋರುತ್ತದೆ. ಕತ್ತಲ ಕೋಣೆಯಲ್ಲಿ ಕೈಗನ್ನಡಿಯೊಂದನ್ನು ಬೇಗಬೇಗನೆ ಅಲ್ಲಾಡಿಸುತ್ತ ಆ ದೀಪದ ಬಿಂಬವನ್ನು ನೋಡಿದರೆ ಗೆರೆಯಲ್ಲ, ಬಿಡಿಬಿಡಿ ಚುಕ್ಕೆಗಳು ಕಾಣುತ್ತವೆ. ಮನೆಯಲ್ಲಿ ಮಾಡಿ ನೋಡಬಹುದು.

ಇಷ್ಟನ್ನೆಲ್ಲ ಚೆನ್ನಾಗಿಯೇ ಕಲಿಸುತ್ತಿದ್ದೆ. ಕೊನೆಗೊಂದು ವಾಕ್ಯವನ್ನು ಕಪ್ಪು ಹಲಗೆಯ ಮೇಲೆ ಬರೆಸುತ್ತಲೂ ಇದ್ದೆ: ಟೆಸ್ಟರ್ ಉರಿದರೆ ವಿದ್ಯುತ್ ಇದೆ, ಉರಿಯದಿದ್ದರೆ ಇಲ್ಲ. ಹನ್ನೆರಡು ವರ್ಷ ಬರೆಸಿದೆ.

1984ರ ಮೇ ತಿಂಗಳಲ್ಲಿ ರಜೆಗೆಂದು ಕಾಪುವಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಕಡಲಿಗೆ ಸಮೀಪದ ತೆಂಗಿನ ತೋಟ. ಬಾವಿಯ ಬದಿಯ ಪಂಪು ನಿಂತುಹೋಗಿತ್ತು. ಶೆಡ್ಡಿನ ಮಾಡಿನಂಚಿನಲ್ಲಿ ವಯರಿನ ಒಂದು ಜೋಡಣೆ ಸಡಿಲವಾದದ್ದು ಕಾಣುತ್ತಿತ್ತು. ವಿಜ್ಞಾನದ ಮೇಷ್ಟ್ರು ಮನೆಯಲ್ಲಿರುವಾಗ ಬೇರೆಯವರನ್ನು ಕರೆಯುವುದೇಕೆ? ಅಕ್ಕನ ಮಗ ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದ. ಅವನನ್ನು ಸಹಾಯಕ್ಕೆ ನಿಲ್ಲಿಸಿಕೊಂಡೆ. ಸ್ವಿಚ್ಚು ಆರಿಸಿದೆ. ಒಣಗಿದ ಮರದ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡೇ ಹತ್ತಿದೆ. ನಡು ಮಧ್ಯಾಹ್ನದ ಬಿಸಿಲು, ಮರಳಿನಿಂದ ಮೇಲೆದ್ದು ಬರುವ ಪ್ರಖರತೆ. ಟೆಸ್ಟರನ್ನು ವಯರಿಗೆ ತಾಗಿಸಿ, ಹಿಂಬದಿಯ ಟೊಪ್ಪಿಗೆ ಬೆರಳಿಟ್ಟು ನೋಡಿದೆ. ಉರಿಯಲಿಲ್ಲ. ಇನ್ನೊಮ್ಮೆ ನೋಡಿದೆ. ಇಲ್ಲ. "ಕರೆಂಟಿಲ್ಲ, ಹಿಡಿ" ಎಂದು ಬಿಚ್ಚಿದ ವಯರಿನ ತುದಿಯನ್ನು ಕೆಳಗೆ ಅವನ ಕಡೆಗೆ ಇಳಿಬಿಟ್ಟೆ.

ಅವನು ಬರಿಗಾಲಿನಲ್ಲಿದ್ದ. ಪೈಪಿನಿಂದ ಸೋರಿದ ನೀರಿಗೆ ಕಾಲಡಿಯ ಮಣ್ಣು ಒದ್ದೆಯಾಗಿತ್ತು. ವಯರು ಕೈಗೆ ತಾಗಿದೊಡನೆ ಮುಷ್ಟಿ ಬಿಗಿಯಿತು, ಬಾಯಿ ತೆರೆದರೂ ಸದ್ದು ಬರಲಿಲ್ಲ. ನಾನು ಹೇಗೆ ಇಳಿದೆನೋ, ಅದೇ ಸ್ಟೂಲನ್ನು ಎತ್ತಿ ವಯರಿಗೆ ಬಡಿದೆ. ಅದು ಕೈಯಿಂದ ಕಳಚಿತು. ಅವನು ಅಲ್ಲಿಯೇ ಕುಸಿದ. ಉಸಿರಾಟವಿತ್ತು. ಆಸ್ಪತ್ರೆಯಲ್ಲಿ ಎರಡು ರಾತ್ರಿ ಇದ್ದು ಮನೆಗೆ ಬಂದ. ಬಲ ಅಂಗೈಯಲ್ಲಿ ಸುಟ್ಟ ಗುರುತು ಉಳಿಯಿತು, ಕಿರುಬೆರಳು ಸ್ವಲ್ಪ ಡೊಂಕಾಯಿತು. ಆಸ್ಪತ್ರೆಯ ಜಗಲಿಯಲ್ಲಿ ಅಕ್ಕ ನನ್ನನ್ನು ಕೇಳಿದ್ದು ಒಂದೇ ಮಾತು: "ನೀನು ನೋಡಿದ್ದೆ ಅಲ್ವಾ ತಮ್ಮಾ?"

ನೋಡಿದ್ದೆ. ಅದೇ ನನ್ನನ್ನು ಕೊರೆದದ್ದು.

ಮರುದಿನ ಬಂದ ಲೈನ್‌ಮ್ಯಾನ್ ತನ್ನ ಚೀಲದಿಂದ ಒಂದು ಹೋಲ್ಡರು, ಅದಕ್ಕೆ 40 ವಾಟಿನ ಬಲ್ಬು, ಎರಡು ಉದ್ದನೆಯ ವಯರು ಇದ್ದ ಟೆಸ್ಟ್ ಲ್ಯಾಂಪನ್ನು ತೆಗೆದು ಒಂದು ತುದಿಯನ್ನು ಆ ವಯರಿಗೂ ಇನ್ನೊಂದನ್ನು ಅರ್ತಿಗೂ ತಾಗಿಸಿದ. ಸ್ವಿಚ್ಚು ಆರಿಸಿದ್ದಾಗಲೂ ಬಲ್ಬು ಝಗ್ಗೆಂದು ಉರಿಯಿತು. ಹಿಂದೆ ವಯರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿಗೆ ಹಾಕಿದ್ದರು. ಪಂಪು ನಿಲ್ಲುತ್ತಿತ್ತು, ವಯರಿನಲ್ಲಿ ಕರೆಂಟು ಮಾತ್ರ ಹಾಗೆಯೇ ಇರುತ್ತಿತ್ತು. ಆತ ನನ್ನ ಟೆಸ್ಟರನ್ನು ಕೈಗೆತ್ತಿಕೊಂಡು, ಅಂಗೈಯಿಂದ ಬಿಸಿಲು ಮರೆಮಾಡಿ, ಚಪ್ಪಲಿ ಕಳಚಿ ನೆಲದ ಮೇಲೆ ನಿಂತು ಹಿಡಿದ. ಕೆಂಪಗೆ ಉರಿಯಿತು! "ಮಾಷ್ಟ್ರೇ, ಇದು ಉರಿದ್ರೆ ನಂಬಿ. ಉರಿಯದಿದ್ರೆ ನಂಬ್ಬೇಡಿ" ಎಂದ. ಅಷ್ಟು ಹೇಳಿ ಸುಮ್ಮನಾದದ್ದು ಆತನ ದೊಡ್ಡತನ.

ಏಕೆ ಹಾಗೆ ಎಂಬುದನ್ನು ನನಗೆ ಲೆಕ್ಕ ಹಾಕಿ ತೋರಿಸಿದವನು ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿ. 1957ರಲ್ಲಿ ಆರಂಭವಾದ ಆ ಕಾಲೇಜಿಗೆ ನಮ್ಮ ಸುತ್ತಲಿನ ಎಷ್ಟೋ ಮಕ್ಕಳು ಹೋದರು. ಇವನು ರಜೆಗೆ ಬಂದಾಗ ನನ್ನನ್ನು ಕಾಣಲು ಬಂದಿದ್ದ. ನನ್ನ ಕಥೆ ಕೇಳಿ, ಮದುವೆಯ ಕರೆಯೋಲೆಯೊಂದರ ಹಿಂದೆ ಬರೆಯತೊಡಗಿದ. ಟೆಸ್ಟರು ಹಿಡಿದವನ ದೇಹವೇ ಮಂಡಲದ ಅರ್ಧ ಭಾಗ. ವಯರಿನಿಂದ ಬಂದ ವಿದ್ಯುತ್ತು ರೋಧಕವನ್ನೂ ದೀಪವನ್ನೂ ದಾಟಿ, ಬೆರಳಿನಿಂದ ದೇಹಕ್ಕಿಳಿದು, ಕಾಲಿನ ಮೂಲಕ ನೆಲ ಸೇರಬೇಕು. ರೋಧಕ ಸುಮಾರು ಹತ್ತು ಲಕ್ಷ ಓಮ್. ಆದ್ದರಿಂದ 230 ವೋಲ್ಟಿನಲ್ಲೂ ಹರಿಯುವುದು ಹೆಚ್ಚೆಂದರೆ ಒಂದು ಮಿಲಿಆಂಪಿಯರಿನ ಕಾಲುಭಾಗ. ಅದು ನಮ್ಮ ಅರಿವಿಗೇ ಬಾರದಷ್ಟು ಅಲ್ಪ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತರೆ ಅಷ್ಟೂ ಹರಿದು ದೀಪ ನಿಚ್ಚಳವಾಗಿ ಉರಿಯುತ್ತದೆ. ಒಣ ಮರದ ಮೇಲೆ ರಬ್ಬರ್ ಮೆಟ್ಟಿ ನಿಂತರೆ ನೇರ ದಾರಿಯಿಲ್ಲ. ಆಗ ದೇಹವೂ ಭೂಮಿಯೂ ಕಂಡೆನ್ಸರಿನ ಎರಡು ತಗಡುಗಳಂತೆ ವರ್ತಿಸುತ್ತವೆ. ಅದರ ಧಾರಣಶಕ್ತಿ ನೂರು ಪಿಕೋಫ್ಯಾರಡಿನ ಆಸುಪಾಸು, ನಮ್ಮ ಐವತ್ತು ಆವರ್ತನದ ವಿದ್ಯುತ್ತಿಗೆ ಅದು ಒಡ್ಡುವ ತಡೆ ಮೂರು ಕೋಟಿ ಓಮಿಗೂ ಮೇಲೆ. ಹರಿಯುವುದು ಒಂದು ಆಂಪಿಯರಿನ ಹತ್ತು ಲಕ್ಷ ಪಾಲಿನಲ್ಲಿ ಏಳು ಪಾಲು. ದೀಪ ಆಗಲೂ ಉರಿದಿರಬೇಕು, ಆದರೆ ಮಿಂಚುಹುಳದ ಮರಿಯಂತೆ; ಮೇ ತಿಂಗಳ ನಡುಹಗಲಿನಲ್ಲಿ ಅದನ್ನು ಯಾರ ಕಣ್ಣು ಕಂಡೀತು?

ನನ್ನ ಸುರಕ್ಷತೆಗೆಂದು ನಾನು ಹತ್ತಿದ ಸ್ಟೂಲೇ ಟೆಸ್ಟರಿನ ಬಾಯಿ ಕಟ್ಟಿತ್ತು. ಆ ಹುಡುಗ, ನನ್ನ ಹಳೆಯ ವಿದ್ಯಾರ್ಥಿ, ಲೆಕ್ಕ ಮುಗಿಸಿ ತಲೆಯೆತ್ತಿ, "ಸರ್, ಇದನ್ನು ನಮಗೆ ನೀವು..." ಎಂದು ಅರ್ಧಕ್ಕೆ ನಿಲ್ಲಿಸಿದ. ಪೂರ್ಣಗೊಳಿಸುವ ಅಗತ್ಯವಿರಲಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಹತ್ತನೆಯ ತರಗತಿಗೆ ಹೋಗಿ, ಹಿಂದಿನ ವರ್ಷ ಬರೆಸಿದ ವಾಕ್ಯ ತಪ್ಪು, ಅದನ್ನು ಹೊಡೆದುಹಾಕಿ ಎಂದೆ. ಅದಕ್ಕೂ ಹಿಂದಿನ ಹನ್ನೊಂದು ವರ್ಷಗಳ ಪುಸ್ತಕಗಳಿಗೆ ನನ್ನ ಕೈ ತಲುಪುವಂತಿರಲಿಲ್ಲ.

ಬಳಿಕ ಟೆಸ್ಟರಿನ ಬೇರೆ ಮಾತುಗಳನ್ನೂ ಅರ್ಥಮಾಡಿಕೊಳ್ಳತೊಡಗಿದೆ. ಮಳೆಗಾಲದಲ್ಲಿ ಮರ ಬಿದ್ದು ನ್ಯೂಟ್ರಲ್ ತಂತಿ ಮಾತ್ರ ಕಡಿದಾಗ, "ಪ್ಲಗ್ಗಿನ ಎರಡೂ ತೂತಿನಲ್ಲಿ ಕರೆಂಟು ಉಂಟು, ಲೈಟು ಮಾತ್ರ ಉರಿಯುವುದಿಲ್ಲ" ಎಂದು ನೆರೆಯವರು ಬರುತ್ತಾರೆ. ಫೇಸಿನ ವೋಲ್ಟೇಜು ಮನೆಯ ಬಲ್ಬನ್ನೋ ಫ್ಯಾನನ್ನೋ ದಾಟಿ ಆಚೆಯ ವಯರಿಗೂ ಬಂದು ನಿಂತಿರುತ್ತದೆ, ಹೋಗಲು ದಾರಿಯಿಲ್ಲದೆ. ಇನ್ನು ಕೆಲವೊಮ್ಮೆ ಯಾವುದಕ್ಕೂ ಜೋಡಿಸದ ವಯರೂ, ಜೀವಂತ ವಯರಿನ ಪಕ್ಕದಲ್ಲಿ ಉದ್ದಕ್ಕೆ ಹಾದುಹೋಗಿದ್ದರೆ, ಟೆಸ್ಟರನ್ನು ಮಂದವಾಗಿ ಉರಿಸುವುದುಂಟು. ಟೆಸ್ಟ್ ಲ್ಯಾಂಪಿಗೆ ಹಾಗೆ ಮೋಸ ಮಾಡಲಾಗದು. ಅದು ನಿಜವಾದ ವಿದ್ಯುತ್ತನ್ನು ಎಳೆದು ನೋಡುತ್ತದೆ. ಅದರ ಅಪಾಯ ಬೇರೆ: ಬಲ್ಬು ಒಡೆಯುವುದು, ವಯರು ಜಾರುವುದು. ಬಳಸಲು ಪಳಗಿದ ಕೈ ಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ಶತ್ರು ಉಪ್ಪುಗಾಳಿ. ಟೆಸ್ಟರಿನೊಳಗಿನ ಸ್ಪ್ರಿಂಗು ತುಕ್ಕು ಹಿಡಿದರೆ ಸಂಪರ್ಕ ತಪ್ಪಿ ದೀಪ ಸುಮ್ಮನಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಮಳೆಯ ಪಸೆ ಒಳಗಿಳಿಯುವುದು. ಉಪ್ಪುನೀರು ರೋಧಕವನ್ನು ಬಳಸಿ ಅಡ್ಡದಾರಿ ಮಾಡಿಕೊಟ್ಟರೆ ವಿದ್ಯುತ್ತನ್ನು ತಡೆಯುವವರಿಲ್ಲ, ಬೆರಳಿಗೇ ಹೊಡೆಯುತ್ತದೆ. ಒದ್ದೆಯಾದ ಟೆಸ್ಟರನ್ನು ಒರಸಿ ಬಳಸಬಾರದು, ಬಳಸಲೇಬಾರದು. ಈಗಿನ ಮನೆಗಳಲ್ಲಿ 30 ಮಿಲಿಆಂಪಿಯರ್ ಸೋರಿದರೆ ತಾನಾಗಿ ಬೀಳುವ ಆರ್‌ಸಿಸಿಬಿ ಇರುತ್ತದೆ. ಅಕ್ಕನ ಮನೆಯಲ್ಲಿ ಅಂದು ಅದು ಇರಲಿಲ್ಲ. ಅದೇ ಕಾಪುವಿನ ಸಮೀಪದ ಎಲ್ಲೂರಿನಲ್ಲಿ 2010ರಿಂದ 2012ರ ನಡುವೆ 1200 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಎದ್ದು ನಿಂತಿತು. ಅದರ ಹೊಗೆ, ಬೂದಿಯ ಜಗಳ ಇನ್ನೊಂದು ಲೇಖನದ ವಿಷಯ.

ಆಟಿಯ ಆ ಸಂಜೆಯ ಮಾತಿಗೆ ಬರುತ್ತೇನೆ. ರಾತ್ರಿ ಕರೆಂಟು ಬಂತು, ಆದರೆ ಅಡುಗೆಮನೆಯ ಒಂದು ಪ್ಲಗ್ಗಿಗೆ ಬರಲಿಲ್ಲ. ಮರುದಿನ ಅಕ್ಕನ ಮಗನಿಗೆ ಫೋನು ಮಾಡಿದೆ. ಹೌದು, ಅವನೇ, ಪಂಪು ಮೋಟಾರುಗಳ ರಿಪೇರಿಯೇ ಅವನ ಉದ್ಯೋಗವಾಗಿ ನಲವತ್ತು ವರ್ಷವಾಗುತ್ತ ಬಂತು. ಆ ದಾರಿ ಹಿಡಿದದ್ದೇಕೆಂದು ನಾನು ಕೇಳಿಲ್ಲ. ಬಂದವನು ಮೇಜಿನ ಮೇಲಿದ್ದ ಹಳೆಯ ಟೆಸ್ಟರನ್ನು ನೋಡಿ, "ಇದು ಇನ್ನೂ ಉಂಟಾ ಮಾವ?" ಎಂದು ಡೊಂಕು ಕಿರುಬೆರಳಿನ ಕೈಯಲ್ಲಿ ಎತ್ತಿಕೊಂಡ. ಟೊಪ್ಪಿ ಬಿಚ್ಚಿದ. ಸ್ಪ್ರಿಂಗು ಪುಡಿಯಾಗಿ ಉದುರಿತು. ತನ್ನ ಪೆಟ್ಟಿಗೆಯಿಂದ ಹೊಸತೊಂದನ್ನು ಹಾಕಿ, ಚಪ್ಪಲಿ ಬದಿಗಿಟ್ಟು, ಮೊದಲು ಚಾವಡಿಯ ಸರಿಯಾಗಿದ್ದ ಪ್ಲಗ್ಗಿಗೆ ತೂರಿಸಿ ನೋಡಿದ. ದೀಪದ ಗಾಜು ಒಳಗಿನಿಂದ ಸ್ವಲ್ಪ ಕಪ್ಪಾಗಿತ್ತು, ಆದರೂ ಉರಿಯಿತು. ಅಡುಗೆಮನೆಯ ಪ್ಲಗ್ಗಿಗೆ ಹಾಕಿದ, ಉರಿಯಲಿಲ್ಲ. ಮತ್ತೆ ಚಾವಡಿಗೆ ಬಂದು ಅದೇ ಮೊದಲಿನ ಪ್ಲಗ್ಗಿಗೆ ಹಾಕಿ, ದೀಪ ಇನ್ನೂ ಉರಿಯುತ್ತಿರುವುದನ್ನು ನೋಡಿಕೊಂಡ. ಆಮೇಲೆ ಮೈನ್ ಸ್ವಿಚ್ಚನ್ನು ಕೆಳಗೆಳೆದು, ಫ್ಯೂಸು ಕಿತ್ತು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಕುಳಿತ.